ಗುಡ್ಡೆಯ ಮೇಲಿನ ಹುಲ್ಲು

ಮಾರ್ಚ್ 2, ಬೆಳಿಗ್ಗೆ

ಟ್ರೇಲರ್ ಮನೆಯ ಹಿಂದೆ ಪೈಪಿನ ಕೊಳೆನೀರು ಬೀಳುವ ಕಡೆ ಮತ್ತೆ ಬ್ಲೀಚ್ ಸುರಿದೆ. ದಂಡ. ಈ ಜೇಡಿಮಣ್ಣು ಒಂದು ಹನಿಯನ್ನೂ ಕುಡಿಯುವುದಿಲ್ಲ. ಕಕ್ಕಸಿನದೆಲ್ಲ ಅಂಗಳದಲ್ಲೇ ನಿಲ್ಲುತ್ತದೆ. ಮೊಮ್ಮಗಳು ಕೆಜಾಯ ಇದರಲ್ಲೇ ಬರಿಗಾಲಲ್ಲಿ ಆಡಿ, ಅಂಗಾಲಿನಿಂದ ಒಳಹೊಕ್ಕುವ ಕೊಕ್ಕೆಹುಳ ಹತ್ತಿಸಿಕೊಂಡಳು. ಈಗ ಮಾಂಟ್ಗೊಮರಿ ಪಟ್ಟಣದಲ್ಲಿ, ನನ್ನ ತಂಗಿ ಲೊರೀನ್ ಹತ್ತಿರ. ಅಂಗಳ ಒಣಗುವವರೆಗೆ ಮಗುವನ್ನು ಕಳಿಸುವುದಿಲ್ಲವಂತೆ. ಅವಳು ಹೇಳುವುದು ಸರಿಯೇ. ಆದರೂ ಮೈ ಉರಿಯುತ್ತದೆ.

ಮಾರ್ಚ್ 19

ಚರ್ಚಿನವರ ಪುಣ್ಯ — ಕೊನೆಗೂ ಕೆಲಸ ಆಯಿತು. ಮೇಸ್ತ್ರಿ ಟಾಲ್ಬರ್ಟ್ ಟ್ಯಾಂಕ್ ಹೂತ, ಪಂಪ್ ಇಟ್ಟ, ಅಂಗಳದಲ್ಲಿ ಮರಳಿನ ಉದ್ದನೆಯ ಗುಡ್ಡೆ ಹಾಕಿ ಮಣ್ಣು ಮುಚ್ಚಿದ. ಕೊಳೆನೀರು ಇನ್ನು ಗುಡ್ಡೆಯೊಳಕ್ಕೆ ಹತ್ತಿ, ಮರಳಲ್ಲಿ ಸೋಸಿ ನಿಧಾನ ಇಂಗಬೇಕು. ಮೇಲೆ ಹುಲ್ಲಿನ ಬೀಜ ಚೆಲ್ಲಿದ. ಹುಲ್ಲು ಹೋದರೆ ಗುಡ್ಡೆಯೂ ಹೋಯಿತು ಎಂದು ಎಚ್ಚರಿಸಿದ.

'ಯಾರನ್ನೇ ಹೂತಿಟ್ಟೆ?' ಎಂದು ಅಮ್ಮ ಕೇಳಿದಳು. 'ನನ್ ಗಂಡನ್ನ' ಅಂದೆ. ಡೆಟ್ರಾಯ್ಟಿಗೆ ಓಡಿಹೋದವನಿಗೆ ಅಷ್ಟಾದರೂ ಆಗಲಿ. ಅಮ್ಮ ನಗಲಿಲ್ಲ. ಈಗೀಗ ಅವಳಿಗೆ ಮರೆವು, ತಮಾಷೆಯೂ ತಿಳಿಯುವುದಿಲ್ಲ.

ಏಪ್ರಿಲ್ 21

ಹುಲ್ಲು ದಟ್ಟವಾಗಿ ಬಂದಿದೆ. ಅಂಗಳ ಒಣಗಿದೆ. ವಾಸನೆ ಇಲ್ಲ. ಶಾಲೆ ಮುಗಿದ ಕೂಡಲೇ ಲೊರೀನ್ ಮಗುವನ್ನು ಕರೆತರುತ್ತಾಳಂತೆ. ಗುಡ್ಡೆ ಹತ್ತಬಹುದಾ ಎಂದು ಕೆಜಾಯ ಫೋನಿನಲ್ಲೇ ಕೇಳಿದಳು. ಹತ್ತಿದರೆ ಕಾಲು ಮುರಿಯುತ್ತೇನೆ ಅಂದೆ. ನಕ್ಕಳು. ಫೋನಿಟ್ಟು ಅತ್ತೆ.

ಮೇ 11

ನಿನ್ನೆ ಚರ್ಚಿನ ಹಿಂದೆ ಸಮಾಧಿ ಕೆರೆಯುವ ದಿನ. ವರ್ಷವರ್ಷವೂ ಇದ್ದದ್ದೇ — ಒಂದೆಸಳು ಹುಲ್ಲೂ ಉಳಿಯಬಾರದು, ಉಳಿದರೆ ಸತ್ತವರನ್ನು ಮರೆತ ಹಾಗೆ. ಅಮ್ಮನೂ ಗುದ್ದಲಿ ಹಿಡಿದು ಅಪ್ಪನ ಸಮಾಧಿ ಕೆರೆದಳು. ಎಷ್ಟು ದಿನದ ಮೇಲೆ ಮುಖದಲ್ಲಿ ಗೆಲುವು...

ಮೇ 23

ಕೋಳಿ ಕಾರ್ಖಾನೆಯಲ್ಲಿ ಡಬಲ್ ಶಿಫ್ಟ್ ಮುಗಿಸಿ ಬಂದೆ. ಗುಡ್ಡೆ ಬೋಳು. ಅಮ್ಮ ಹುಲ್ಲೆಲ್ಲ ಬುಡಸಮೇತ ಕೆರೆದು, ಗುಡಿಸಿ, ಮೇಲೊಂದು ಬಿಳಿ ಶಂಖ ಇಟ್ಟಿದ್ದಾಳೆ — ನಮ್ಮ ಸಮಾಧಿಗಳ ಮೇಲಿಡುವಂಥದ್ದು.

'ಏನಮ್ಮಾ ಮಾಡ್ದೆ?'

'ನೀನಂತೂ ಮಾಡಲ್ಲ. ಗಂಡನ್ ಸಮಾಧಿ ಮೇಲೆ ಹುಲ್ಲು ಬೆಳೆಸ್ಕೊಂಡು ಕೂತಿದ್ದೀಯ. ದಾರೀಲಿ ಹೋಗೋರು ಏನಂದಾರು?'

ಅವಳ ಅಂಗೈ ತುಂಬ ಬೊಬ್ಬೆ. ಎಣ್ಣೆ ಹಚ್ಚಿ, ಟಾಲ್ಬರ್ಟ್‌ಗೆ ಫೋನ್ ಮಾಡಿದೆ. ಟಾರ್ಪಾಲು ಹೊದಿಸು, ಮತ್ತೆ ಬೀಜ ಹಾಕೋಣ ಎಂದ. ಹೊದಿಸುವಷ್ಟರಲ್ಲಿ ಮಳೆ ಹಿಡಿಯಿತು.

ಮೇ 27

ಮಳೆ ಬಿಡಲೇ ಇಲ್ಲ. ಟಾರ್ಪಾಲು ಗಾಳಿಗೆ ಹಾರಿತು. ಗುಡ್ಡೆಯ ಪಕ್ಕೆ ಸೀಳಿ ಮರಳು ಕೊಚ್ಚಿಹೋಗಿದೆ. ಬುಡದಲ್ಲಿ ಬೂದು ನೀರು ಜಿನುಗುತ್ತಿದೆ. ಮತ್ತೆ ಅದೇ ವಾಸನೆ.

ನಾಳೆ ಹೊರಡಬೇಡ ಎಂದು ಲೊರೀನ್‌ಗೆ ಹೇಳಬೇಕು. ಫೋನ್ ಕೈಗೆತ್ತಿಕೊಂಡೆ. ಹೇಳಿದರೆ ಕೆಜಾಯ ಇನ್ನು ಬಂದ ಹಾಗೆಯೇ. ಇಟ್ಟುಬಿಟ್ಟೆ. ಶೂ ಹಾಕಿಸಿದರಾಯಿತು... ಅಂಗಳಕ್ಕೆ ಬಿಡದಿದ್ದರಾಯಿತು.

ಮೇ 28, ಮಧ್ಯಾಹ್ನ

ಬಿಸಿಲು. ಕೆಸರಿನ ಮೇಲೆ ಹಲಗೆ ಹಾಸಿದ್ದೇನೆ. ಜೋಳದ ಬ್ರೆಡ್ ಓವನ್ನಿನಲ್ಲಿದೆ. ಅವರ ದಾರಿ ನೋಡುತ್ತ ಬರೆಯುತ್ತ ಕೂತಿದ್ದೇನೆ.

ಕಾರು ಬಂತು. ಕಿಟಕಿಯಿಂದ ಕಾಣುತ್ತಿದ್ದಾಳೆ — ಎಷ್ಟು ಉದ್ದ ಬೆಳೆದಿದ್ದಾಳೆ, ನನ್ನ ಕಂದ. ಕಾಲಲ್ಲಿ ಬಿಳಿ ಶೂ. ಅಮ್ಮ ಯಾವಾಗ ಅಂಗಳಕ್ಕಿಳಿದಳೋ, ಗುಡ್ಡೆಯ ಪಕ್ಕ ನಿಂತು ಕೈಬೀಸಿ ಕರೆಯುತ್ತಿದ್ದಾಳೆ.

'ಬಾ ಮಗಾ, ಆ ಒಳ್ಳೇ ಶೂ ಕೆಸರಾಗತ್ತೆ, ಬಿಚ್ಚಿಟ್ಟು ಬಾ. ನಿಮ್ಮಜ್ಜ ಇಲ್ಲೇ ಮಲಗವ್ನೆ.'

ಕೆಜಾಯ ಬಗ್ಗಿ ಒಂದು ಶೂ ಬಿಚ್ಚಿ —