ಅಮ್ಮನನ್ನು ಒಳಗೆ ಕರೆಯಲಿಕ್ಕೆ ಉಂಟು

ಮಡಂತ್ಯಾರು
ತಾ. 7-3-2022, ಸೋಮವಾರ

ಪ್ರೀತಿಯ ತಂಗಿ ವಾರಿಜನಿಗೆ ಅಕ್ಕನ ಆಶೀರ್ವಾದಗಳು.

ಇವತ್ತು ನನಗೆ ಸೋಮವಾರದ ಒಪ್ಪತ್ತು. ಬೆಳಿಗ್ಗೆ ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ದನವನ್ನು ಹೊರಗೆ ಕಟ್ಟಿ, ನಿನ್ನ ಭಾವನಿಗೆ ಗಂಜಿ ಬಡಿಸಿ, ಬೀಡಿಯ ಎಲೆ ನೆನೆಯಲು ಹಾಕಿ ಈಗ ದೇವರ ದೀಪದ ಹತ್ತಿರ ಕೂತಿದ್ದೇನೆ. ಹಸಿದ ಹೊಟ್ಟೆಯಲ್ಲಿ ದೀಪದ ಎದುರು ಕೂತರೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು ಎಂದು ಒಂದು ಧೈರ್ಯ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಹತ್ತು ತಿಂಗಳು ಆಯಿತು. ಬೇರೆಯವರ ಫೋನಿನಿಂದ ಮಾಡಿದರೂ ನನ್ನ ಸ್ವರ ಕೇಳಿದ ಕೂಡಲೇ ಇಡ್ತಿ. ಅದಕ್ಕೆ ಕಾಗದ. ನಾವು ಹುಟ್ಟಿದಂದಿನಿಂದ ತುಳುವಿನಲ್ಲೇ ಜಗಳ ಮಾಡಿದವರು, ಬರೆಯಲಿಕ್ಕೆ ಮಾತ್ರ ಏಳನೇ ಕ್ಲಾಸಿನ ಕನ್ನಡವೇ ಗತಿ. ತಪ್ಪಿದ್ದರೆ ನಿನ್ನ ಮಗಳು ಸಾತ್ವಿಕಾ ನಗದ ಹಾಗೆ ನೋಡಿಕೋ.

ನಿನ್ನ ಸೊಂಟನೋವು ಹೇಗುಂಟು? ಮೂಡುಬಿದಿರೆಯಲ್ಲಿ ಸೆಕೆ ಶುರುವಾಯಿತಾ? ಸಾತ್ವಿಕಾ ಕಾಲೇಜಿಗೆ ಹೋಗ್ತಾಳೆ, ನಿನ್ನ ಗಂಡ ಅಂಗಡಿಯ ಬಾಗಿಲು ಪುನಃ ತೆರೆದಿದ್ದಾರೆ ಎಂದು ಬಾಸಿತ್ ಹೇಳಿದ. ಬಾಸಿತ್ ಗೊತ್ತುಂಟಲ್ಲ, ಬಸ್ಸಿನ ಕಂಡಕ್ಟರ್. ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ ಆಟೋದಲ್ಲಿ ಮೀನು ಮಾರಿಕೊಂಡು ಇಲ್ಲೆಲ್ಲ ಕೂಗುತ್ತಾ ಬರುತ್ತಿದ್ದವ. ಈಗ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಪುನಃ ಸೀಟಿ ಊದುತ್ತಿದ್ದಾನೆ. ಈ ಕಾಗದ ತರುವವನೂ ಅವನೇ. ನಿನ್ನ ಸುದ್ದಿ ಈಗ ನನಗೆ ಕಂಡಕ್ಟರನ ಬಾಯಿಯಿಂದ ಬರಬೇಕು ನೋಡು.

ಇಲ್ಲಿ ಎಲ್ಲ ಮೊದಲಿನ ಹಾಗೆ ಆಗ್ತಾ ಉಂಟು ಎಂದು ಜನ ಹೇಳ್ತಾರೆ. ಹೌದು, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಎದುರು ನಿಲ್ಲಲಿಕ್ಕೆ ಹಾಕಿದ ಸುಣ್ಣದ ವೃತ್ತಗಳು ಅಳಿಸಿ ಹೋದವು, ನಾವು ಪುನಃ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡೇ ನಿಲ್ತೇವೆ. ಮಾಸ್ಕು ಕ್ಯಾಲೆಂಡರಿನ ಮೊಳೆಯಲ್ಲಿ ನೇತಾಡ್ತಾ ಉಂಟು. ಕೈಗೆ ಹಾಕುವ ಔಷಧಿಯ ಬಾಟ್ಲಿಯಲ್ಲಿ ಈಗ ತೆಂಗಿನೆಣ್ಣೆ. ಭಜನಾ ಮಂದಿರದಲ್ಲಿ ಶನಿವಾರದ ಭಜನೆ ಶುರುವಾಗಿದೆ, ಆದರೆ ತಾಳ ಹಾಕುತ್ತಿದ್ದ ಇಬ್ಬರೂ ಇಲ್ಲ, ಅವರು ಕೂರುವ ಕಂಬದ ಬುಡದಲ್ಲಿ ಯಾರೂ ಕೂರುವುದಿಲ್ಲ. ಮೊನ್ನೆ ಕಲ್ಲಡ್ಕದಲ್ಲಿ ಒಂದು ಮದುವೆಗೆ ಹೋದೆವು. ಊಟದ ಹಂತಿಯಲ್ಲಿ ಒಬ್ಬಳ ಹತ್ತಿರ ‘ನಿಮ್ಮವರು ಬರಲಿಲ್ಲವಾ’ ಎಂದು ಕೇಳಿಬಿಟ್ಟೆ. ಅವಳು ಪಾಯಸ ಕಲಸುತ್ತಾ ಇದ್ದವಳು ಕೈ ನಿಲ್ಲಿಸಿದಳು. ಅಂದಿನಿಂದ ಯಾರನ್ನೂ ಕೇಳುವುದಿಲ್ಲ. ಕಂಡವರನ್ನು ಕಂಡೆ ಎಂದು ಲೆಕ್ಕ, ಅಷ್ಟೆ.

ನಮ್ಮ ಮನೆ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಅದನ್ನು ಹೇಳಲಿಕ್ಕೇ ಬರೆಯುತ್ತಿರುವುದು.

ಹೋದ ವಾರ ರುಕ್ಮಯ್ಯ ಮಾವ ಬಂದಿದ್ದರು. ನಮ್ಮ ಕುಟುಂಬದಲ್ಲಿ ಹಿರಿಯರ ಕಾರ್ಯ ನಡೆಸಲಿಕ್ಕೆ ಈಗ ಉಳಿದದ್ದು ಅವರೊಬ್ಬರೇ. ಚಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ‘ಪ್ರಫುಲ್ಲಾ, ಅಮ್ಮನನ್ನು ಒಳಗೆ ಕರೆದದ್ದು ಹೇಗೆ’ ಎಂದು ಕೇಳಿದರು. ನಾನು ಹೇಳಿದೆ.

ನಿನಗೂ ಗೊತ್ತುಂಟು, ಉತ್ತರಕ್ರಿಯೆಯ ಬೊಜ್ಜದ ದಿನ ಮುಸ್ಸಂಜೆಗೆ ದೀಪ ಹಿಡಿದು ಅಂಗಳಕ್ಕೆ ಇಳಿದು, ಸತ್ತವರ ಹೆಸರು ಕರೆದು, ಒಳಗೆ ಬಾ, ಹದಿನಾರು ಹಿರಿಯರ ಒಟ್ಟಿಗೆ ಸೇರು ಎಂದು ಹೇಳಬೇಕು. ಕರೆದ ಮೇಲೆಯೇ ಎಲೆ ಹಾಕಿ ಬಡಿಸುವುದು. ಅಜ್ಜಿಯನ್ನು ಕರೆದ ದಿನ ನಾವು ಇಡೀ ಮನೆಯವರು ಕೂಗಿದ್ದು ಗುಡ್ಡದ ಆಚೆಗೆ ಕೇಳಿತ್ತು. ಅಮ್ಮನ ಬೊಜ್ಜಕ್ಕೆ ನಾವು ಇದ್ದದ್ದು ನಾಲ್ಕು ಜನ. ಗೇಟಿಗೆ ಪಂಚಾಯತಿನವರು ಕೊರೋನಾದ ಮನೆ ಎಂದು ಕಟ್ಟಿದ ಪಟ್ಟಿ ಇನ್ನೂ ಇತ್ತು. ಕೂಗಿದರೆ ಇಲ್ಲಿ ಜನ ಸೇರಿದ್ದಾರೆ ಎಂದು ಯಾರಾದರೂ ದೂರು ಕೊಡ್ತಾರೆ ಎಂದು ನಿನ್ನ ಭಾವನಿಗೆ ಹೆದರಿಕೆ, ನನಗೂ ಹೆದರಿಕೆ. ಹಾಗೆ ಮಾಸ್ಕು ಹಾಕಿಕೊಂಡೇ, ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ, ‘ಅಮ್ಮಾ ಬಾ’ ಎಂದು ಹೇಳಿ ಒಳಗೆ ಓಡಿ ಬಂದೆವು.

ರುಕ್ಮಯ್ಯ ಮಾವ ಹೇಳಿದ್ದು ಇಷ್ಟೆ: ‘ಅಲ್ಲ ಮಾರಾಯ್ತಿ, ಬದುಕಿರುವಾಗಲೇ ಕಿವಿ ಕೇಳದವಳು. ಬಾಯಿಗೆ ಬಟ್ಟೆ ಕಟ್ಟಿ ಪಿಸುಪಿಸು ಮಾಡಿದರೆ ಅವಳಿಗೆ ಗೊತ್ತಾಗ್ತದಾ? ನಿನ್ನ ಅಮ್ಮ ಅಂಗಳದಲ್ಲೇ ನಿಂತಿದ್ದಾಳೆ.’

ಅವರು ಹೋದ ಮೇಲೆ ನಾನು ಅಂಗಳಕ್ಕೆ ಇಳಿಯಲಿಲ್ಲ ವಾರಿಜಾ. ಒಣಗಲು ಹಾಕಿದ ಮೆಣಸು ಅಲ್ಲೇ ಬಿಟ್ಟೆ. ಮಳೆಗಾಲದಲ್ಲಿ, ಚಳಿಯಲ್ಲಿ ಅಮ್ಮ ಅಲ್ಲೇ ನಿಂತಿದ್ದರಾ, ನಾನು ಪ್ರತಿ ದಿನ ಗುಡಿಸುವಾಗ ಬದಿಗೆ ಸರಿದು ನಿಂತರಾ ಎಂದು ಆಲೋಚನೆ. ಮರುದಿನ ಸಂಜೆ ಧೈರ್ಯ ಮಾಡಿ ಒಬ್ಬಳೇ ಕರೆದು ನೋಡಿದೆ. ನನ್ನ ಸ್ವರ ನಿನಗೆ ಗೊತ್ತುಂಟಲ್ಲ, ಬಾವಿಕಟ್ಟೆ ದಾಟುವುದಿಲ್ಲ. ದನ ಒಂದು ತಿರುಗಿ ನೋಡಿತು.

ಅಮ್ಮ ಯಾವಾಗಲೂ ಹೇಳುತ್ತಿದ್ದರು, ‘ವಾರಿಜ ಮಾತಾಡಿದರೆ ನನಗೆ ಕೇಳ್ತದೆ, ಉಳಿದವರು ಬರೀ ಬಾಯಿ ಆಡಿಸ್ತಾರೆ’ ಎಂದು. ನಾನು ದಿನಕ್ಕೆ ಮೂರು ಹೊತ್ತು ಅನ್ನ ಹಾಕುವವಳು, ನನ್ನ ಮಾತು ಕೇಳದು, ತಿಂಗಳಿಗೊಮ್ಮೆ ಬರುವ ನಿನ್ನದು ಕೇಳ್ತದೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟು ಇಲ್ಲ. ನಿನ್ನ ಸ್ವರವೇ ಬೇಕು. ಮಾರ್ಚ್ ಇಪ್ಪತ್ತೊಂಬತ್ತು, ಮಂಗಳವಾರ, ಪುನಃ ಕರೆಯುವ ಎಂದು ಮಾವ ದಿನ ಇಟ್ಟಿದ್ದಾರೆ. ಕೋಳಿ ಸುಕ್ಕ, ರೊಟ್ಟಿ ಎಲ್ಲ ನಾನು ಮಾಡ್ತೇನೆ. ಅಮ್ಮನಿಗೆ ಪ್ರೀತಿಯ ಬೂತಾಯಿ ಮೀನೂ ಎಲೆಗೆ ಬೇಕು ಎಂದರು. ಹತ್ತು ತಿಂಗಳಿಂದ ಆ ಮೀನನ್ನು ನಾನು ಮನೆಯೊಳಗೆ ತಂದಿಲ್ಲ. ಭಾವ ಕೇಳಿದರೆ ಮುಳ್ಳು ಎನ್ನುತ್ತೇನೆ.

ನೀನು ಬರುವುದಿಲ್ಲ ಎಂದರೆ ನನಗೆ ಜೋರು ಮಾಡುವ ಬಾಯಿ ಇಲ್ಲ. ಅಮ್ಮ ಜ್ವರದಲ್ಲಿ ಮಲಗಿದ್ದ ಆ ದಿನ ಹತ್ತು ಗಂಟೆಗೆ ಎಲ್ಲ ಬಂದ್ ಆಗುವ ಮೊದಲು ಎಂದು ನೀನು ಅಷ್ಟು ದೂರದಿಂದ ಸ್ಕೂಟರಿನಲ್ಲಿ ಬಂದಿ. ಕೈಯಲ್ಲಿ ಗಂಜಿಯ ಬುತ್ತಿ, ಎರಡು ಎಳನೀರಿನ ಬೊಂಡ. ನಾನು ಗೇಟಿಗೆ ಬೀಗ ಹಾಕಿ, ಜಗಲಿಯಿಂದಲೇ ‘ಬರಬೇಡ, ನಿನಗೆ ಮಗಳಿದ್ದಾಳೆ’ ಎಂದು ಹೇಳಿದೆ. ನೀನು ಅಲ್ಲಿಂದಲೇ ‘ಅಮ್ಮಾ’ ಎಂದು ಮೂರು ಸಲ ಕರೆದಿ. ಬುತ್ತಿ ಗೇಟಿನ ಬುಡದಲ್ಲಿಟ್ಟು ಹೋದಿ. ಎರಡನೇ ದಿನಕ್ಕೆ ಆಂಬ್ಯುಲೆನ್ಸ್ ಬಂತು. ಮತ್ತೆ ಅಮ್ಮನ ಮುಖ ನಿನಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ನಾನು ಕಂಡದ್ದು ಪ್ಲಾಸ್ಟಿಕ್ಕಿನ ಒಂದು ಗಂಟು.

ಬೊಜ್ಜದ ಮರುದಿನ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ನಾನು ಕರೆದದ್ದು ಅಮ್ಮನಿಗೆ ಕೇಳಿತಾ?’ ನಾನು ಹೇಳಿದೆ, ‘ಇಲ್ಲ, ಜ್ವರದಲ್ಲಿ ಕಿವಿ ಪೂರಾ ಹೋಗಿತ್ತು.’ ‘ನನ್ನ ಸ್ವರವೂ ಕೇಳಲಿಲ್ಲವಾ’ ಎಂದು ಹೇಳಿ ನೀನು ಫೋನು ಇಟ್ಟವಳು ಮತ್ತೆ ಎತ್ತಲಿಲ್ಲ.

ಬಾ ವಾರಿಜಾ. ನನ್ನ ಹತ್ತಿರ ಮಾತಾಡಬೇಡ, ನಾನು ಒಲೆಯ ಹತ್ತಿರವೇ ಇರ್ತೇನೆ. ಅಮ್ಮನನ್ನು ಕರೆದು, ಎಲೆಗೆ ಒಂದು ಹಿಡಿ ಅನ್ನ ಬಡಿಸಿ, ಬೇಕಾದರೆ ಅದೇ ಸಂಜೆ ಹೊರಡು.

ನಿನ್ನ ಗಂಡನಿಗೆ ನಮ್ಮ ನೆನಪು ಹೇಳು. ಸಾತ್ವಿಕಾಳಿಗೆ ದೊಡ್ಡಮ್ಮನ ಆಶೀರ್ವಾದ. ದೇವರು ನಿಮ್ಮ ಮೂವರನ್ನೂ ಉಸಿರು ಬಿಗಿಯದ ಹಾಗೆ ಇಡಲಿ.

ನಿನ್ನ ಅಕ್ಕ,
ಪ್ರಫುಲ್ಲಾ

ಕಾಗದ ಮಡಚಿದವಳು ಪುನಃ ಬಿಚ್ಚಿದೆ. ಬಸ್ಸಿಗೆ ಹೊತ್ತಾಗ್ತಾ ಉಂಟು, ಅಕ್ಷರ ಕೆಟ್ಟರೆ ಕ್ಷಮಿಸು. ಅಮ್ಮನಿಗೆ ಕೇಳಿತ್ತು ವಾರಿಜಾ. ನೀನು ಎರಡನೇ ಸಲ ಕರೆದಾಗಲೇ ತಲೆ ಎತ್ತಿ, ‘ಯಾರು, ವಾರಿಜನಾ’ ಎಂದು ಕೇಳಿದರು. ಹೌದು ಎಂದಿದ್ದರೆ ಎದ್ದು ಬರುತ್ತಿದ್ದರು, ನೀನು ಗೇಟು ಹತ್ತಿ ಇಳಿಯುತ್ತಿದ್ದಿ. ನಾನು ಬಾಯಿಯನ್ನು ಕಿವಿಗೆ ಇಟ್ಟು, ‘ಅಲ್ಲ, ಮೀನಿನ ಬಾಸಿತ್’ ಎಂದೆ. ಹೆದರಿದ್ದು ನಿನ್ನ ಜೀವಕ್ಕಾ, ಊರಿನವರ ಬಾಯಿಗಾ, ಈಗ ಹೇಳಲಿಕ್ಕೆ ಬರುವುದಿಲ್ಲ. ಅಮ್ಮ ಪುನಃ ಮಲಗಿ, ‘ಬೂತಾಯಿ ಇದ್ದರೆ ಸ್ವಲ್ಪ ತೆಗೆದಿಡು, ವಾರಿಜ ಬಂದರೆ ಬೇಕಾಗ್ತದೆ’ ಎಂದರು. ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಇದು ಭಾವನಿಗೂ ಗೊತ್ತಿಲ್ಲ, ರುಕ್ಮಯ್ಯ ಮಾವನಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಬರುವುದು ಬಿಡುವುದು ನಿನಗೆ ಸೇರಿದ್ದು. ಏನಿದ್ದರೂ ಒಂದು ಗೆರೆ ಬರೆದು, ಅಂಟು ಹಾಕಿ ಬಾಸಿತನ ಕೈಯಲ್ಲಿ ಕೊಡು. ಗುರುವಾರ ಗುರುವಾಯನಕೆರೆಯ ಸ್ಟ್ಯಾಂಡಿನಲ್ಲಿ ಅದನ್ನು ತೆಗೆದುಕೊಂಡು ಬರಲಿಕ್ಕೆ ನಿನ್ನ ಭಾವನಿಗೆ ಹೇಳಿದ್ದೇನೆ. ಬಸ್ಸು ಬರುವವರೆಗೂ ನಿಲ್ತಾರೆ.