ತಾನೇ ನಿಲ್ಲಬೇಕಿದ್ದ ಕಾರು

ಜೇವರ್ಗಿ ಕಾಲೋನಿ, ಕಲಬುರಗಿ
೧೮ ಜನವರಿ ೨೦೨೬

ಪ್ರೀತಿಯ ಗೌತಮಿ ಅಕ್ಕನಿಗೆ ವಿಶ್ವಾಸನ ಜೈಭೀಮ್.

ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು. ಇದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ಚಾಲಕನಿಲ್ಲದ ಕಾರಿನ ಸುದ್ದಿ ನಿನಗೆ ಗೊತ್ತೇ ಇದೆ. ಮೂರ್ಛೆರೋಗವೆಂದು ಡಾಕ್ಟರು ನಿನ್ನ ಸ್ಕೂಟಿ ಬಿಡಿಸಿದಾಗ ನೀನು ಅತ್ತದ್ದು ನೋಡಿಯೇ ನಾನು ಈ ಕೆಲಸಕ್ಕೆ ಸೇರಿದ್ದು. ಈ ಕಾರಿಗೆ ನಿದ್ದೆಯಿಲ್ಲ, ಕುಡಿತವಿಲ್ಲ, ಸಿಟ್ಟಿಲ್ಲ. ಯಾರ ಹಂಗಿಲ್ಲದೆ ನೀನು ಪಾಠ ಹೇಳುವ ಶಾಲೆಗೆ ಹೋಗಿಬರಬಹುದಿತ್ತು. ರಸ್ತೆಯಲ್ಲಿ ಕಾಣುವುದನ್ನು ಗುರುತಿಸಲು ಅದಕ್ಕೆ ಕಲಿಸುವುದು ನನ್ನ ಪಾಲಿನ ಕೆಲಸ. ಆಟೋ, ಎಮ್ಮೆ, ಎದುರಿಗೇ ನುಗ್ಗುವ ಬೈಕು, ಎಲ್ಲ ಕಲಿಸಿದ್ದೆ.

ಹೋದ ವಾರ ಕಮಲಾಪುರದ ತೋಟಗಳ ಹಾದಿಯಲ್ಲಿ ಪರೀಕ್ಷೆಗೆಂದು ಒಯ್ದಿದ್ದೆ. ಕಾರು ತಾನೇ ಓಡುತ್ತಿತ್ತು. ಅದು ತಪ್ಪಿದರೆ ಬ್ರೇಕ್ ಒತ್ತಲೆಂದು ನಾನು ಚಾಲಕನ ಸೀಟಿನಲ್ಲಿ ಕೂತಿದ್ದೆ. ಶಿವಕಾಂತಮ್ಮ ಎಂಬವರು ಬಾಳೆ ಎಲೆಯ ಹೊರೆ ಹೊತ್ತು ರಸ್ತೆ ದಾಟಲು ಇಳಿದರು. ಎಲೆಗಳು ಅವರ ಮುಖ, ಮೈ ಮುಚ್ಚಿ ಮೊಣಕಾಲಿನವರೆಗೆ ಇಳಿಬಿದ್ದಿದ್ದವು. ಕಾರು ಅವರನ್ನು ಅಂಚಿನ ಗಿಡವೆಂದುಕೊಂಡಿತು. ವೇಗ ಇಳಿಸಲಿಲ್ಲ. ಅವರ ಕಾಲು ಮುರಿಯಿತು.

ಹೆಣ್ಣುಮಗಳೇ ಅಡ್ಡ ಬಂದಳೆಂದು ಹೇಳಿಬಿಡು ಎಂದರು ಕಂಪನಿಯ ಯಜಮಾನರು. ನಾನು ಒಪ್ಪಲಿಲ್ಲ. ಯಂತ್ರದ ಕಣ್ಣು ತಪ್ಪಿತು, ಅದಕ್ಕೆ ಕಲಿಸಿದವನು ನಾನೇ ಎಂದು ಪೊಲೀಸರ ಮುಂದೆ ಹೇಳಿದೆ. ಕಂಪನಿ ನನ್ನನ್ನು ಕೆಲಸದಿಂದ ತೆಗೆಯಿತು. ಗೆಳೆಯರು ಬೆನ್ನು ತಟ್ಟಿದರು. ನನ್ನ ಮಗ ನೌಕರಿ ಹೋದರೂ ಸುಳ್ಳಾಡಲಿಲ್ಲ ಎಂದು ಅಪ್ಪ ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಅದನ್ನು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತೇನೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಶಿವಕಾಂತಮ್ಮ ಬೈಯಲಿಲ್ಲ. ಹತ್ತಿರ ಕೂಡಿಸಿಕೊಂಡು ಕೇಳಿದರು: "ತಮ್ಮಾ, ಗಾಡ್ಯಾಗ ಮನಷ್ಯಾರು ಯಾರೂ ಇರಲಿಲ್ಲೇನು?"

"ನಾ ಇದ್ದೆರೀ, ಅವ್ವಾ."

"ಹಂಗಾರ ನಿನಗೂ ನಾ ಕಾಣಲಿಲ್ಲೇನಪಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ನಂಬಿದರು. "ಹೋಗ್ಲಿ ಬಿಡು, ಎಲಿ ಭಾಳ ಇದ್ವು" ಎಂದು ನನಗೇ ಸಮಾಧಾನ ಹೇಳಿದರು.

ಮಾತ್ರೆ ತಪ್ಪಿಸಬೇಡ. ಮಗಳಿಗೆ ಸೋದರಮಾವನ ಮುತ್ತು. ಬುದ್ಧನ ಕರುಣೆ ನಿಮ್ಮೆಲ್ಲರ ಮೇಲಿರಲಿ.

ನಿನ್ನ ತಮ್ಮ,
ವಿಶ್ವಾಸ

ತಾ.ಕ.: ಅಕ್ಕಾ, ನನಗೆ ಅವರು ಕಂಡಿದ್ದರು. ಎಲೆಗಳ ಕೆಳಗೆ ಎರಡು ಪಾದ ನಡೆಯುತ್ತಿದ್ದವು. ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು. ಕಾರು ತಾನೇ ನಿಲ್ಲುತ್ತದೋ ಏನೋ ನೋಡೋಣವೆಂದು ಒತ್ತದೆ ಕಾದೆ. ಈಗ ಮತ್ತೆ ಆಸ್ಪತ್ರೆಗೆ ಹೊರಟಿದ್ದೇನೆ, ಶಿವಕಾಂತಮ್ಮನಿಗೆ ಇಷ್ಟನ್ನೇ ಹೇಳಿ ಪೊಲೀಸ್ ಠಾಣೆಗೆ ಹೋಗುತ್ತೇನೆ. ಅಪ್ಪನಿಗೆ ಮಾತ್ರ ನೀನು ಹೇಳು. ನನ್ನಿಂದಾಗದು.