ಬಾವಿ ಪಕ್ಕದ ಅಣ್ಣ

ಜಕ್ಕೂರು, ಆಗಸ್ಟ್ 1959

ಅಣ್ಣನಿಗೆ ತಂಗಿ ಮುನಿಕೃಷ್ಣಮ್ಮನ ನಮಸ್ಕಾರ.

ಇಲ್ಲಿ ರಾಗಿ ಹೊಲದಲ್ಲಿ ಮೊದಲ ಸಲ ಕಳೆ ಕೀಳಲು ಬಂದ ಸೊಸೆ, ತವರಿನ ಒಂದು ಮರವನ್ನು ಅಣ್ಣನೆಂದು ಕರೆದು ಹಾಡು ಕಟ್ಟಬೇಕು. ಕಟ್ಟದಿದ್ದರೆ ಸಾಲಿನಲ್ಲಿ ಕೂರಿಸುವುದಿಲ್ಲ. ನನ್ನ ಓರಗಿತ್ತಿ ತನ್ನ ಅಣ್ಣನನ್ನು ಸಂಪಿಗೆ ಮರ ಎಂದು ಹಾಡಿದ್ದಳಂತೆ. ಗಾಬರಿಯಲ್ಲಿ ನನಗೆ ಹೊಳೆದದ್ದು ನಮ್ಮ ಬಾವಿ ಪಕ್ಕದ ಬೇವು.

"ಬಾವೀಯ ದಡದಾಗೆ ಬೇವಾಗಿ ನಿಂತವ್ನೆ ನಮ್ಮಣ್ಣ
ಮಾತೆಲ್ಲ ಕಹಿಯಮ್ಮ, ನೆಳ್ಳು ತಂಪಮ್ಮ"

ಹೆಂಗಸರ ನಗೆಯಲ್ಲಿ, ತಲೆಯ ಮೇಲೆ ಹಾರಿದ ಫ್ಲೈಯಿಂಗ್ ಕ್ಲಬ್ಬಿನ ವಿಮಾನದ ಸದ್ದೂ ಮುಳುಗಿತು. ಅತ್ತೆ ಮಾತ್ರ ನಗದೆ, "ಬರೋ ಯುಗಾದಿಗೆ ನಿಮ್ಮಣ್ಣನ್ ತಾವ್ಕೇ ಓಗಿ ಬೇವು ತರಾನ ಕಣಮ್ಮಿ" ಎಂದರು. ಹೇಳಿದರೆ ಹೇಳಿದ ಹಾಗೆ ಮಾಡುವವರು ಅವರು.

ಆ ಮರ ಕಡಿಸಿ ಬಾಗಿಲು ಮಾಡಿಸುತ್ತೇನೆ ಎನ್ನುತ್ತಿದ್ದೆಯಲ್ಲ, ಬೇಡ. ಬಾಗಿಲಿಗೆ ಬೇರೆ ಮರ ನೋಡು.

ನನಗೆ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ ಎಂದು ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು. ಅತ್ತೆ ಬರುವಷ್ಟರಲ್ಲಿ ನೀನು ಬಾಗಿಲಾಗಿದ್ದರೆ ನಾನು ಯಾರನ್ನು ತೋರಿಸಲಿ?